ಹಿತ್ತಲಿನ ಕೋಳಿಗೆ ನಾನು ಕಟ್ಟಿದ ಕೋಟೆ

ಕೋಳಿಯನ್ನು ಹದ್ದಿನಿಂದ ಕಾಯಲು ಬೇಕಾದದ್ದು ತಲೆ. ಅದು ನನ್ನಲ್ಲಿ ಧಾರಾಳವಾಗಿದೆ ಎಂದು ಆಗ ನಾನು ನಂಬಿದ್ದೆ. ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ ಕಾರಕೂನನಾಗಿದ್ದವನಿಗೆ ಇಂಥ ನಂಬಿಕೆ ಸಹಜ.

ಯುದ್ಧದ ಕಾಲ. ಜೋಳ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಶನ್ ಚೀಟಿ. ಚೀಟಿಯಿಲ್ಲದೆ ಸಿಗುತ್ತಿದ್ದದ್ದು ನಮ್ಮ ಹಿತ್ತಲಿನ ಮೊಟ್ಟೆ ಮಾತ್ರ. ಕೋಳಿಗಳು ನನ್ನ ಹೆಂಡತಿ ಕಾಶವ್ವನವು. ಅವುಗಳಲ್ಲಿ ಚುಕ್ಕಿ ಎಂಬುದನ್ನು ಅವಳು ತವರಿನಿಂದ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದಳು. ಹಗಲೆಲ್ಲ ಬುಟ್ಟಿ ಮುಚ್ಚಿಟ್ಟರೆ ಅವು ಸೊರಗುತ್ತಿದ್ದವು. ಬಿಟ್ಟರೆ ಮೇಲೆ ಹದ್ದು, ಕೆಳಗೆ ಮುಂಗುಸಿ.

“ಕೋಳಿನೂ ಅಡ್ಡಾಡಬೇಕು, ಹದ್ದೂ ಬರಬಾರದು. ಎರಡೂ ಮಾಡಿ ತೋರಸ್ತೇನಿ, ನೋಡ್ತಿರು” ಎಂದೆ.

“ನೀವು ಮಾಡಿ ತೋರಸ್ತೇನಿ ಅಂದ್ರ ನನಗ ಹದ್ದಿಗಿಂತ ಹೆಚ್ಚ ಅಂಜಿಕಿ ಬರ್ತೈತ್ರಿ” ಎಂದಳು.

ತಂತಿ ಸಿಗದ ದಿನಗಳು. ಉಣಕಲ್ ಕೆರೆಯ ಮೀನುಗಾರರಿಂದ ಹಳೆಯ ಬಲೆ ತಂದು ಹಿತ್ತಲಿನ ಮೇಲೆ ಚಪ್ಪರದಂತೆ ಕಟ್ಟಿದೆ. ಸುತ್ತಲೂ ಜಾಲಿಮುಳ್ಳು ಬಡಿದು, ಬುಡಕ್ಕೆ ಕಲ್ಲು ಜೋಡಿಸಿದೆ. ಮೊದಲ ದಿನವೇ ಬಲೆಗೆ ಬೇಟೆ ಬಿತ್ತು. ನನ್ನ ರುಮಾಲು! ಅದನ್ನು ಬಿಡಿಸಲು ಹೋದಾಗ ಧೋತರವೂ ಮುಳ್ಳಿನ ಪಾಲಾಯಿತು. ಪಕ್ಕದ ಮನೆಯ ದರ್ಜಿ ಹುಸೇನಸಾಬ ಗೋಡೆಯ ಮೇಲಿಂದ ಇಣುಕಿದ.

“ಕೋಳಿ ಪಾರಾದವು ಬಿಡ್ರಿ, ಕಾರಕೂನರ. ಈಗ ನೀವು ಹೆಂಗ ಹೊರಗ ಬರ್ತೀರಿ?”

ನಗಲಿ ಬಿಡಿ. ಹದ್ದು ಮೇಲೆ ಸುತ್ತಿ ಸುತ್ತಿ ಹೋಯಿತು. ಮುಂಗುಸಿ ಮೂಸಿ ನೋಡಿ ಹಿಂದಿರುಗಿತು. ಕೋಳಿಗಳು ದಿನವಿಡೀ ಕೆದರಿ ಕೆದರಿ ಮೇಯ್ದವು.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಜಾಣನೇ. ಆದರೆ ಇಂಥ ಘನಕಾರ್ಯವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹೇಗೆ? ಗಿರಣಿಯಲ್ಲಿ ಕಂಡಕಂಡವರಿಗೆಲ್ಲ ವರ್ಣಿಸಿದೆ.

ಮೊದಲು ಹೆಡ್ ಕಾರಕೂನರು ಬಂದರು. “ಬರೇ ನೋಡಾಕ ಬಂದೇನ್ರಿ. ಊಟದ ತ್ರಾಸ ತಗೋಬ್ಯಾಡ್ರಿ” ಎಂದರು. ಬಲೆ ಮೇಲಿತ್ತು, ಅವರ ಕಣ್ಣು ಮಾತ್ರ ಕೆಳಗಿತ್ತು. ಕೋಳಿ ನೋಡಲು ಬಂದ ಮೇಲಧಿಕಾರಿಗೆ ಬದನೆಕಾಯಿ ಬಡಿಸುವುದೆ? ಮಾನದ ಪ್ರಶ್ನೆ! ಕಾಶವ್ವ ತುಟಿ ಬಿಗಿದು ಮಸಾಲೆ ಅರೆದಳು. ಆಮೇಲೆ ಅವರ ಬೀಗರು ಬಂದರು. ಬೀಗರ ತಮ್ಮ ಬಂದ. ಆ ಚೀಟಿಯ ಕಾಲದಲ್ಲಿ ಜನಕ್ಕೆ ಇಷ್ಟು ಜ್ಞಾನದ ಹಸಿವಿತ್ತೆಂದು ನನಗೆ ಗೊತ್ತಿರಲಿಲ್ಲ. ಬಂದವರೆಲ್ಲ ಬಲೆಯನ್ನು ಹೊಗಳಿ, ಕೋಳಿಯನ್ನು ತಿಂದು ಹೋದರು. ಹದ್ದಾದರೆ ಊಟವಾದ ಮೇಲೆ ಎಲೆ ಅಡಿಕೆ ಕೇಳುವುದಿಲ್ಲ.

ಕೊನೆಗೆ ಚುಕ್ಕಿಯೊಂದೇ ಉಳಿಯಿತು. ಅದೂ ಕಾವಿಗೆ ಕೂತಿತ್ತು. ಆಗ ನಾನು ಮನೆಗೆ ಬಂದು ಮೆಲ್ಲಗೆ ಹೇಳಿದೆ:

“ನಾಳೆ ಮ್ಯಾನೇಜರ ಸಾಹೇಬರು ನೋಡಾಕ ಬರ್ತಾರಂತ.”

“ಏನ ನೋಡಾಕ? ಉಳದದ್ದು ನನ್ನ ತವರಮನಿ ಕೋಳಿ ಒಂದ!”

“ದೊಡ್ಡವರು ತಾವಾಗಿ ಬರ್ತೇನಿ ಅಂದ್ರ, ನಾ ಹೆಂಗ ಬ್ಯಾಡ ಅನ್ನಲಿ?”

ಕಾಶವ್ವ ಕೂಗಾಡಲಿಲ್ಲ. “ಹದ್ದು ಬರಲಾರದಂಗ ಮಾಡಿದ್ರಿ. ಮುಂಗಸಿ ಬರಲಾರದಂಗ ಮಾಡಿದ್ರಿ. ನಿಮ್ಮ ಬಾಯಿಗೆ ಬೇಲಿ ಹಾಕಾವ್ರು ಯಾರ್ರಿ?” ಎಂದವಳೇ ಮೊಟ್ಟೆಗಳ ಸಮೇತ ಚುಕ್ಕಿಯ ಬುಟ್ಟಿಯನ್ನೆತ್ತಿಕೊಂಡು ಹುಸೇನಸಾಬನ ಮನೆಗೆ ನಡೆದಳು. ಅವಳ ಕಣ್ಣು ತುಂಬಿದ್ದನ್ನು ಕಂಡೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಸಾಹೇಬರು ಬದನೆಕಾಯಿ ಉಂಡು, ಬಲೆಯ ಕೆಳಗೆ ನಿಂತು ಕೇಳಿದರು: “ಬಂದೋಬಸ್ತ ಭಾಳ ಛಲೋ ಐತಿ. ಕೋಳಿ ಎಲ್ಲಿ ಅದಾವ್ರಿ?”

ಜೊತೆಗೆ ಬಂದಿದ್ದ ಹೆಡ್ ಕಾರಕೂನರು ನೆಲ ನೋಡತೊಡಗಿದರು.

ಚುಕ್ಕಿ ಹುಸೇನಸಾಬನ ಮನೆಯಲ್ಲಿ ಮರಿ ಮಾಡಿತು. ಅಲ್ಲಿ ಬಲೆಯಿಲ್ಲ, ಮುಳ್ಳಿಲ್ಲ. ಮರಿಗಳು ಓಣಿಯ ತುಂಬ ಓಡಾಡುತ್ತವೆಂದು ಕೇಳಿ, ಒಂದು ದಿನ ನೋಡಲು ಹೋದೆ. ನಾನು ಹತ್ತಿರ ಬಂದದ್ದೇ ಚುಕ್ಕಿ ಕೊಕ್ಕೊಕ್ ಎಂದು ಕೂಗು ಹಾಕಿತು. ಮರಿಗಳೆಲ್ಲ ಬಿದ್ದೆದ್ದು ಓಡಿ ಅದರ ರೆಕ್ಕೆಯೊಳಗೆ ಸೇರಿಕೊಂಡವು. ಹದ್ದು ಬಂದಿರಬೇಕೆಂದು ನಾನು ಗಾಬರಿಯಿಂದ ಮೇಲೆ ನೋಡಿದೆ.

ಆಕಾಶದಲ್ಲಿ ಏನೂ ಇರಲಿಲ್ಲ!