ಗಾಡಿಗೆ ಹಚ್ಚಿದ ಗೋಪಿಚಂದನ

ಬಾರದ ಕೆಲಸವನ್ನು ಬಲ್ಲವರಿಗೆ ಬಿಟ್ಟುಕೊಡುವ ದೊಡ್ಡ ಗುಣ ನನ್ನಲ್ಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಮುಂದೆ ಹೇಗೂ ನಿಮಗೆ ಗೊತ್ತಾಗುತ್ತದೆ. ನಮ್ಮ ಮನೆಯ ಮಿಕ್ಸಿ, ಗೋಡೆ ಗಡಿಯಾರ, ಅಮ್ಮನ ಕನ್ನಡಕದ ಕಡ್ಡಿ, ಇವೆಲ್ಲ ಒಂದೊಂದು ಸಲ ನನ್ನ ಕೈಗೆ ಬಂದು, ಆಮೇಲೆ ಅಂಗಡಿಗೆ ಹೋಗಿವೆ. ಅಂಗಡಿಯವನು "ಇದನ್ನ ಮೊದಲು ಯಾರು ಬಿಚ್ಚಿದ್ರು?" ಎಂದು ಕೇಳಿದಾಗಲೆಲ್ಲ ನಾನು ಅವನ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹಬ್ಬ ಯಾವಾಗ ಬರುತ್ತದೆ ಎಂದು ಹುಡುಕಿದ್ದೇನೆ. ನಾನು ಕುರುಗೋಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಈ ವಿಷಯದ ಮಾಸ್ತರರಿಗೆ ಇದೊಂದು ರೋಗ ಇರುತ್ತದೆ. ಎಂಟನೇ ತರಗತಿಗೆ ಹೇಳಿಕೊಟ್ಟದ್ದೆಲ್ಲ ತಮಗೂ ಬರುತ್ತದೆ ಎಂದು ನಂಬಿರುತ್ತಾರೆ.

ನಾನು ಹೇಳಹೊರಟಿರುವುದು ನಮ್ಮ ಮೋಟರ್ ಸೈಕಲ್ಲಿನ ಸಂಗತಿ. ನಮ್ಮದು ಎಂದೆನಾದರೂ ಅದು ಮೂಲತಃ ನನ್ನ ಮಾವನವರದು. ಅವರು ಸಿರುಗುಪ್ಪದಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಇಪ್ಪತ್ತು ವರ್ಷ ಆ ಗಾಡಿಯ ಮೇಲೆ ಸಾಲಿಗೆ ಹೋಗಿ ಬಂದರು. ಕಣ್ಣಿನ ಪೊರೆ ತೆಗೆಸಿದ ಮೇಲೆ, ಇನ್ನು ಓಡಿಸುವುದು ಬೇಡವೆಂದು ಮನೆಯವರೆಲ್ಲ ಹಟ ಹಿಡಿದಾಗ, ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು "ಜೋಪಾನ" ಎಂದರು. ಮಗಳನ್ನು ಕೊಡುವಾಗ ಅವರು ಈ ಮಾತು ಹೇಳಿರಲಿಲ್ಲ. ಅದನ್ನು ನನ್ನ ಹೆಂಡತಿ ಸುಧಾ ಇವತ್ತಿಗೂ ಮರೆತಿಲ್ಲ.

ಜೋಪಾನ ಮಾಡುವುದರಲ್ಲಿ ನಾನೇನೂ ಕಡಿಮೆ ಮಾಡಲಿಲ್ಲ. ಬಳ್ಳಾರಿಯ ಸತ್ಯನಾರಾಯಣ ಪೇಟೆಯ ನಮ್ಮ ಮನೆಯ ಅಂಗಳದಲ್ಲಿ ಅದನ್ನು ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿರುತ್ತಿದ್ದೆ. ಸೆಂಟರ್ ಸ್ಟ್ಯಾಂಡ್ ಹಾಕಬೇಕೆಂದರೆ ಹಿಂದಿನಿಂದ ಎತ್ತಿ ಎಳೆಯಬೇಕು, ಅದಕ್ಕೆ ನನ್ನ ಸೊಂಟ ಒಪ್ಪುತ್ತಿರಲಿಲ್ಲ. ಪ್ರತಿ ಭಾನುವಾರ ಸ್ನಾನ ಸಂಧ್ಯಾವಂದನೆ ಮುಗಿಸಿ, ನಿಂತಲ್ಲೇ ಅದರ ಬಲಮಗ್ಗುಲ ಅಳತೆಕಡ್ಡಿ ತೆಗೆದು ಎಂಜಿನ್ ಆಯಿಲ್ ಎಷ್ಟಿದೆ ನೋಡುತ್ತಿದ್ದೆ. ನೋಡಿದಾಗಲೆಲ್ಲ ಕಡಿಮೆ ಇರುತ್ತಿತ್ತು. ಪಾಪ, ಹಳೇ ಎಂಜಿನ್ನು, ಕುಡಿಯುತ್ತದೆ ಎಂದುಕೊಂಡು ಎರಡು ಗುಟುಕು ಹಾಕುತ್ತಿದ್ದೆ. ಬೆಳಿಗ್ಗೆ ಕುರುಗೋಡಿನ ದಾರಿಯಲ್ಲಿ ಅದರ ಜೊತೆ ಮಾತಾಡುತ್ತೇನೆ ಎಂದು ಹೇಳಿದರೆ ನೀವು ನಗಬಹುದು. ಹೆಡ್ ಮಾಸ್ತರರಿಗೆ ಹೇಳಬೇಕೆಂದಿದ್ದ ಮಾತೆಲ್ಲ ಅದಕ್ಕೆ ಹೇಳಿಬಿಟ್ಟಿರುತ್ತೇನೆ. ಹಾಗಾಗಿ ಸಾಲಿ ಮುಟ್ಟುವ ಹೊತ್ತಿಗೆ ನಾನು ಬಹಳ ಸೌಮ್ಯ ಮನುಷ್ಯನಾಗಿರುತ್ತೇನೆ.

ಇಂಥ ಗಾಡಿ ಮೂರು ತಿಂಗಳ ಹಿಂದೆ ಆಯಿಲ್ ಸೋರತೊಡಗಿತು. ಸುಧಾ ರಂಗೋಲಿ ಹಾಕುವ ಜಾಗದಲ್ಲೇ ಬೆಳಗಾದರೆ ಅಗಲವಾದ ಒಂದು ಕರೀ ಹನಿ. ಮೊದಲ ವಾರ ಅವಳು ಬೂದಿ ಹಾಕಿ ತಿಕ್ಕಿದಳು. ಎರಡನೇ ವಾರ ಹನಿಯನ್ನೇ ನಡುವಿನ ಚುಕ್ಕಿ ಮಾಡಿಕೊಂಡು ಸುತ್ತ ಎಸಳು ಬರೆದಳು. ಮೂರನೇ ವಾರ ಹನಿಗಳು ಐದಾದವು, ಅವು ಯಾವ ರಂಗೋಲಿಗೂ ಹೊಂದಲಿಲ್ಲ. ನಾನು ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ಹೊಸ ಪ್ಯಾಕಿಂಗ್ ಕೂಡಿಸಿದೆ. ಸೋರಿತು. ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದೆ. ಇನ್ನೂ ಸೋರಿತು. ಒಂದು ಬೋಲ್ಟನ್ನು ಎಷ್ಟು ಬಿಗಿ ಮಾಡಿದೆನೆಂದರೆ ಅದರ ತಲೆ ನನ್ನ ಕೈಗೇ ಬಂತು.

ಸುಧಾ ಅವರಪ್ಪನಿಗೆ ಫೋನಿನಲ್ಲಿ ಹೇಳಿಬಿಟ್ಟಳು. ಮಾವನವರು ಫೋನನ್ನು ನನಗೆ ಕೊಡಿಸಿದರು. "ಹಚ್ಚೊಳ್ಳಿ ಊರಿನ ಬಸವರಾಜ ನನ್ನ ಶಿಷ್ಯ. ಆ ಗಾಡಿ ಕೊಡ್ರಿ, ಗದ್ದಿಗೆ ಹೋಗಾಕ ಬೇಕು ಅಂತ ಎರಡು ವರ್ಷದಿಂದ ಕೇಳ್ಲಿಕ್ಕತ್ತಾನ. ನಿಮಗ ಅದು ತ್ರಾಸ ಆಗಿದ್ರ ಸಂಕೋಚ ಬ್ಯಾಡ. ಈ ಭಾನುವಾರ ತಗೊಂಡು ಬರ್ರಿ, ನೋಡ್ತೀನಿ. ನನ್ನ ಅಂಗಳದಾಗ ಒಂದು ಹನಿ ಬಿತ್ತು ಅಂದ್ರ ಅವಂಗ ಕೊಟ್ಟುಬಿಡ್ತೀನಿ." ಪಂಡಿತರು ಸಿಟ್ಟಿನಿಂದ ಹೇಳಿದ್ದರೆ ಏನಾದರೂ ವಾದ ಮಾಡಬಹುದಿತ್ತು. ಬಹಳ ಮೃದುವಾಗಿ ಹೇಳಿದರು. 

ಮರುದಿನ ಸಂಜೆ ಕೌಲ್ ಬಜಾರಿನ ಖಾಜಾ ಉಸ್ತಾದನ ಹತ್ತಿರ ಹೋದೆ. ಅವನು ಗಾಡಿ ರಿಪೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಬೈಯುವುದು ಉರ್ದುವಿನಲ್ಲಿ, ಸಮಾಧಾನ ಹೇಳುವುದು ತೆಲುಗಿನಲ್ಲಿ, ಕೆಟ್ಟ ಸುದ್ದಿ ಹೇಳುವುದು ಮಾತ್ರ ಕನ್ನಡದಲ್ಲಿ. ನಾನು ಬೇಕೆಂದೇ ನಡೆದುಕೊಂಡು ಹೋಗಿದ್ದೆ. "ನನ್ನ ಸ್ನೇಹಿತರದೊಂದು ಗಾಡಿ ಅದ, ಆಯಿಲ್ ಸೋರ್ತದ. ಎಲ್ಲಿಂದ ಸೋರ್ತದ ಅಂತ ಮನಿಯೊಳಗ ಹೆಂಗ ಕಂಡುಹಿಡೀಬೇಕು?" ಎಂದು ಕೇಳಿದೆ.

"ಗಾಡಿ ತಂದು ಬಿಡಾಕ ಹೇಳ್ರಿ ಸರ, ನಾ ನೋಡ್ತೀನಿ."

"ಅವರು ಬಿಡೋದಿಲ್ಲ. ಸ್ವಲ್ಪ ಹಟದ ಮನುಷ್ಯ."

"ಹಂಗಾದ್ರ ಎಂಜಿನ್ ಸ್ವಚ್ಛ ತೊಳದು ಒಣಗಿಸಾಕ ಹೇಳ್ರಿ. ಮುಖಕ್ಕ ಹಚ್ಚೋ ಪೌಡರ್ ಐತಲ್ಲ, ಅದನ್ನ ಎಲ್ಲಾ ಕಡಿ ಉದುರಿಸಿ ಹತ್ತು ನಿಮಿಷ ಚಾಲೂ ಇಡಬೇಕು. ಎಲ್ಲಿ ಹಸಿ ಆಗಿ ಕಪ್ಪಗ ಕಾಣತೈತೋ ಅಲ್ಲಿಂದ ಸೋರತೈತಿ." ಇಷ್ಟು ಹೇಳಿ, ಅವನು ನನ್ನ ಮೊಳಕೈ ಕಡೆ ನೋಡಿ, "ನಿಮ್ಮ ಸ್ನೇಹಿತ್ರ ಅಂಗಿ ತೋಳಿಗೆ ಆಯಿಲ್ ಹತ್ತೈತಿ, ಒಗ್ಯಾಕ ಹೇಳ್ರಿ" ಎಂದ.

ಶನಿವಾರ ಅರ್ಧ ದಿನ ಸಾಲಿ. ಮನೆಗೆ ಬಂದವನೇ ಹಳೇ ಹಲ್ಲುಜ್ಜುವ ಬ್ರಷ್ಷು, ಒಂದಿಷ್ಟು ಡೀಸೆಲ್ಲು ತೆಗೆದುಕೊಂಡು ಎಂಜಿನ್ನನ್ನು ತಿಕ್ಕಿ ತೊಳೆದೆ. ಬಿಸಿಲಿಗೆ ಗಳಿಗೆಯಲ್ಲೇ ಒಣಗಿತು. ಆ ವಿಷಯದಲ್ಲಿ ನಮ್ಮ ಊರಿನ ಬಿಸಿಲು ಯಾವತ್ತೂ ಕೈಬಿಡುವುದಿಲ್ಲ. ಪೌಡರಿನ ಡಬ್ಬಿ ತಂದು ತಲೆಕೆಳಗು ಮಾಡಿದೆ, ಏನೂ ಬೀಳಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಯಾರ ಮನೆಯಲ್ಲಿ ಪೌಡರ್ ಉಳಿದಿರುತ್ತದೆ? ಅಂಗಡಿಗೆ ಹೋಗಲು ಬೇಜಾರು. ಆಗ ನನ್ನ ಕಣ್ಣು ದೇವರ ಮನೆಯ ಕಡೆ ಹೋಯಿತು. ಅಲ್ಲಿ ಗೋಪಿಚಂದನದ ಗಡ್ಡೆ ಇತ್ತು. ಹಳದಿ ಮಣ್ಣು, ನೀರು ಹಾಕಿ ತೇಯ್ದು ಹಚ್ಚಿದರೆ ಒಣಗಿ ತೆಳ್ಳಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಹಾರುವುದಿಲ್ಲ. ಪೌಡರಿಗಿಂತ ಇದೇ ಒಳ್ಳೆಯ ಪ್ರಯೋಗವಲ್ಲವೇ ಎಂದು ನನ್ನೊಳಗಿನ ವಿಜ್ಞಾನದ ಮಾಸ್ತರ ಕುಣಿದುಬಿಟ್ಟ. ಸಾಣೆಕಲ್ಲಿನ ಮೇಲೆ ತೇಯ್ದು, ಬೆರಳಿನಲ್ಲಿ ತೆಗೆದು, ಅನುಮಾನವಿದ್ದ ಕಡೆಯೆಲ್ಲ ಹಚ್ಚುತ್ತ ಹೋದೆ. ಅಭ್ಯಾಸಬಲದಿಂದ ಪ್ರತಿಯೊಂದೂ ಹಣೆಯ ನಾಮದಂತೆ ನೆಟ್ಟಗೆ, ಮೇಲ್ಮುಖವಾಗಿಯೇ ಬಂತು.

ಅಮ್ಮ ಹೊರಗೆ ಬಂದು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ನಾನು ಬೈಸಿಕೊಳ್ಳಲು ಸಿದ್ಧನಾದೆ. ಅವಳು ಬೆರಳು ಮಡಿಸಿ ಎಣಿಸಿ, "ಹನ್ನೆರಡು ನಾಮ ಅವ. ಶಾಸ್ತ್ರದಾಗ ಹೇಳಿದಷ್ಟ ಸರಿಯಾಗಿ ಹಚ್ಚೀದಿ. ನೀನು ಏಕಾದಶಿ ದಿನನೂ ನಾಲ್ಕಕ್ಕಿಂತ ಹೆಚ್ಚು ಹಚ್ಚಿದ್ದು ನಾ ನೋಡಿಲ್ಲ" ಎಂದಳು. ಆಮೇಲೆ ಒಳಗೆ ಹೋಗುತ್ತ, "ಸಾಣಿಕಲ್ಲು ತೊಳದು ಇಡು. ನಿನ್ನ ಕೈಯಾಗಿನ ಡೀಸೆಲ್ ವಾಸನಿ ನಾಳೆ ದೇವರಿಗೂ ಬಂದೀತು" ಎಂದಳು.

ಗಾಡಿ ಚಾಲೂ ಮಾಡಿ ಹತ್ತು ನಿಮಿಷ ಕಾದೆ. ಹನ್ನೊಂದು ನಾಮ ಒಣಗಿದ್ದು ಒಣಗಿದಂತೆಯೇ ಇದ್ದವು. ಹಿಂಭಾಗದ ಒಂದು ಮಾತ್ರ ಮೆಲ್ಲಗೆ ಕಪ್ಪಾಯಿತು. ಬಗ್ಗಿ ನೋಡಿದರೆ, ಅದರ ಮೇಲೆ ಕಿರುಬೆರಳಿನಷ್ಟು ದಪ್ಪದ ಒಂದು ರಬ್ಬರ್ ಕೊಳವೆ. ಅದರ ತುದಿಯಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೂರು ತಿಂಗಳ ಕಳ್ಳ ಸಿಕ್ಕಿಬಿದ್ದಿದ್ದ. ಆ ಕೊಳವೆ ಅಲ್ಲಿ ಯಾಕಿದೆ, ಅದಕ್ಕೆ ಬಾಯಿ ಯಾಕೆ ಬಿಟ್ಟಿದ್ದಾರೆ ಎಂದು ಒಂದು ಕ್ಷಣ ಯೋಚಿಸಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನಾನು ಔಷಧಿ ಸೀಸೆಯ ರಬ್ಬರ್ ಬಿರಡೆಯೊಂದನ್ನು ಕೆತ್ತಿ ಅದರ ಬಾಯಿಗೆ ಜಡಿದು, ಮೇಲೆ ತಂತಿ ಸುತ್ತಿದೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಒಂದು ಹನಿಯೂ ಇರಲಿಲ್ಲ. ಸುಧಾ ನಂಬಲಾರದೆ ಎರಡು ಸಲ ನೋಡಿ, ಮೂರು ತಿಂಗಳಲ್ಲಿ ಮೊದಲ ಬಾರಿಗೆ ಪೂರ್ತಿ ಕಮಲ ಬರೆದಳು. "ಅಂತೂ ಗೆದ್ರಿ" ಎಂದಳು. ನಾನು ಭಾನುವಾರದ ಪದ್ಧತಿಯಂತೆ ಅಳತೆಕಡ್ಡಿ ತೆಗೆದು ನೋಡಿದೆ. ಕಡಿಮೆ ಇತ್ತು. ದೂರದ ಪ್ರಯಾಣವಲ್ಲವೇ ಎಂದು ನಾಲ್ಕು ಗುಟುಕು ಹಾಕಿದೆ.

ಸಿರುಗುಪ್ಪಕ್ಕೆ ದಾರಿ ಸುತ್ತಾದರೂ ನಾನೂ ಸುಧಾಳೂ ಕುರುಗೋಡಿನ ಮೇಲೆಯೇ ಹೋದೆವು, ಗಾಡಿಗೆ ಆ ರಸ್ತೆ ಅಭ್ಯಾಸ. ಕುರುಗೋಡು ದಾಟಿ, ಕಾಲುವೆ ನೀರಿನ ಗದ್ದೆಗಳು ಶುರುವಾದ ಮೇಲೆ ಹಿಂದಿನಿಂದ ಸುಧಾ, "ಏನೋ ಹುರಿಯೋ ವಾಸನಿ ಬರ್ಲಿಕ್ಕತ್ತದ" ಎಂದಳು.

"ಎಲ್ಲೋ ಮಂಡಕ್ಕಿ ಭಟ್ಟಿ ಇರಬೇಕು" ಎಂದೆ.

"ಗದ್ದಿ ನಡುವ?"

ನಾನು ಉತ್ತರ ಹುಡುಕುವಷ್ಟರಲ್ಲಿ ಗೇರಿನ ಮೇಲಿದ್ದ ನನ್ನ ಕಾಲು ಜಾರಿತು. ನಿಲ್ಲಿಸಿ ನೋಡಿದೆ. ಬೂಟು, ಪ್ಯಾಂಟಿನ ಅಂಚು, ಹಿಂದಿನ ಚಕ್ರ, ಎಲ್ಲ ಆಯಿಲ್‌ಮಯ. ಇಷ್ಟು ದಿನ ಒಂದು ಕಡೆ ಸೋರುತ್ತಿದ್ದ ಎಂಜಿನ್ನು ಈಗ ಎಲ್ಲ ಸಂದಿಗಳಿಂದ ಉಕ್ಕುತ್ತಿತ್ತು. ಅಪ್ಪನ ಮನೆಗೆಂದು ಉಟ್ಟಿದ್ದ ಸುಧಾಳ ಸೀರೆಯ ಅಂಚೂ ಒದ್ದೆಯಾಗಿತ್ತು. ಅವಳು ಬೈಯಲಿಲ್ಲ. ಅಂಚನ್ನು ಎತ್ತಿ ಸಿಗಿಸಿಕೊಂಡು, "ನಡೀರಿ, ಹೆಂಗೂ ಹೋಗಲೇಬೇಕಲ್ಲ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಉಳಿದ ದಾರಿಯಲ್ಲಿ ನಾನು ಗಾಡಿಯ ಜೊತೆ ಮಾತಾಡಲಿಲ್ಲ. ಇದೇ ಕೊನೆಯ ಸವಾರಿ ಎಂದು ನನಗೆ ಗೊತ್ತಾಗಿತ್ತು. ಹಚ್ಚೊಳ್ಳಿಯ ಬಸವರಾಜ ಒಳ್ಳೆಯವನೇ ಇರಬಹುದು, ಆದರೆ ಅದಕ್ಕೆ ಬೆಳಗಿನ ಹೊತ್ತು ಮಾತಾಡಿಸುವವರು ಬೇಕು ಎಂದು ಅವನಿಗೆ ಹೇಗೆ ಹೇಳುವುದು?

ಸಿರುಗುಪ್ಪದಲ್ಲಿ ಮಾವನವರು ಬಾಗಿಲಲ್ಲೇ ನಿಂತಿದ್ದರು. ಗಾಡಿ ನಿಂತ ಜಾಗವನ್ನೂ ನನ್ನ ಬೂಟನ್ನೂ ನೋಡಿ, "ನಾನು ಒಂದು ಹನಿ ಅಂದಿದ್ದೆ. ನೀವು ಅಭಿಷೇಕನ ಮಾಡಿಸ್ಕೊಂಡು ಬಂದೀರಿ" ಎಂದರು. ಬಗ್ಗಿ ಬಿರಡೆ ನೋಡಿದವರೇ ತಂತಿ ಬಿಚ್ಚಿ ಕಿತ್ತರು. ಎಂಜಿನ್ನು ಬುಸ್ ಎಂದು ದೀರ್ಘವಾಗಿ ಉಸಿರುಬಿಟ್ಟಿತು. "ಇದು ಅದರ ಮೂಗು. ಒಳಗಿನ ಗಾಳಿ ಹೊರಗ ಹೋಗ್ಲಿಕ್ಕೆ ಇರೋದು. ಇರ್ಲಿ. ಆಯಿಲ್ ಹೆಂಗ ನೋಡ್ತೀರಿ, ನನಗ ತೋರಿಸ್ರಿ."

ನಾನು ಎಂದಿನಂತೆ ಸೈಡ್ ಸ್ಟ್ಯಾಂಡ್ ಮೇಲಿದ್ದ ಗಾಡಿಯ ಅಳತೆಕಡ್ಡಿ ತೆಗೆದು ತೋರಿಸಿದೆ. ಆಶ್ಚರ್ಯವೆಂದರೆ, ಅಷ್ಟೆಲ್ಲ ಹಾಕಿದ್ದರೂ ಅದು ಕಡಿಮೆಯೇ ತೋರಿಸಿತು.

"ಗಾಡಿ ಯಾವ ಕಡೆ ವಾಲ್ಯದ?" ಮಾವನವರ ದನಿಯಲ್ಲಿ ಹಳೆಯ ತರಗತಿ ಬಂದಿತ್ತು.

"ಎಡಕ್ಕ."

"ಕಡ್ಡಿ ಯಾವ ಕಡೆ ಅದ?"

"ಬಲಕ್ಕ."

"ವಾಲಿದ ಪಾತ್ರಿಯೊಳಗ ಎಣ್ಣಿ ಯಾವ ಕಡೆ ಹೋಗ್ತದ?" ನಾನು ಕಡ್ಡಿ ಒರೆಸತೊಡಗಿದೆ. "ನಾನು ಕನ್ನಡ ಪಂಡಿತ, ನಿಮ್ಮಷ್ಟು ವಿಜ್ಞಾನ ಓದಿಲ್ಲ" ಎಂದರು ಅವರು, ಮೊದಲಿನಷ್ಟೇ ಮೃದುವಾಗಿ.

ಇಬ್ಬರೂ ಸೇರಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎಳೆದೆವು. ನೆಟ್ಟಗೆ ನಿಂತ ಮೇಲೆ ಕಡ್ಡಿ ಅದ್ದಿ ತೆಗೆದರೆ, ಮೇಲಿನ ಗೆರೆ ದಾಟಿ ಎಷ್ಟೋ ಮೇಲೆ ಆಯಿಲ್ ಇತ್ತು. ಗಾಡಿ ಕೈಗೆ ಬಂದಾಗಿನಿಂದ ನಾನು ತುಂಬಿದ ಹೊಟ್ಟೆಗೆ ಮತ್ತೆ ಮತ್ತೆ ತುಂಬಿಸಿದ್ದೆ. ಹಿಡಿಸಲಾರದ್ದನ್ನು ಅದು ಪಾಪ ಮೂಗಿನಿಂದ ಹೊರಗೆ ಹಾಕುತ್ತಿತ್ತು, ಆ ಮೂಗನ್ನೂ ಮುಚ್ಚಿಬಿಟ್ಟಿದ್ದೆ. ಸೋರುವ ರೋಗ ಗಾಡಿಗಿರಲಿಲ್ಲ.

ಹೆಚ್ಚಿನ ಆಯಿಲನ್ನು ಹಳೇ ಡಬ್ಬಿಗೆ ಇಳಿಸುತ್ತ ಮಾವನವರು ಎಂಜಿನ್ನಿನ ಸಂದಿಯಲ್ಲಿ ಉಳಿದಿದ್ದ ಹಳದಿ ಗೆರೆಗಳನ್ನು ಬೆರಳಿನಿಂದ ಮುಟ್ಟಿ, "ಇದೇನು?" ಎಂದರು. ಹೇಳಿದೆ, ಇನ್ನು ಮುಚ್ಚಿಡುವುದೇನಿತ್ತು. ಅವರು ಬೆರಳು ಒರೆಸಿಕೊಳ್ಳುತ್ತ, "ಗೋಪಿಚಂದನ ಹಚ್ಚಿದ ಮ್ಯಾಲೆ ತಿಂಗಳಿಗೆ ಎರಡು ಏಕಾದಶಿ ಉಪವಾಸನೂ ಮಾಡಿಸಬೇಕಿತ್ತು, ಇಷ್ಟು ಆಗ್ತಿರಲಿಲ್ಲ" ಎಂದರು. ಬಾಗಿಲಲ್ಲಿ ನಿಂತಿದ್ದ ಸುಧಾ ಸೀರೆಯ ಅಂಚು ಮರೆತು ನಕ್ಕಳು.

ಆದರೆ ಹನಿ ಬಿದ್ದದ್ದು ಬಿದ್ದದ್ದೇ. ಮಾವನವರು ಕೈ ತೊಳೆದುಕೊಂಡು ಬಂದು ಹಚ್ಚೊಳ್ಳಿಗೆ ಫೋನ್ ಹಚ್ಚಿದರು. ನಾನು ಅಂಗಳದ ಕಡೆ ಮುಖ ಮಾಡಿ ಕೂತೆ. "ಬಸವರಾಜ, ಗಾಡಿ ಕೊಡೋದು ಆಗೂದಿಲ್ಲಪ್ಪ. ಕೆಟ್ಟಿಲ್ಲ, ಚಲೋ ಅದ. ನಮ್ಮ ಅಳಿಯಂದ್ರು ಅದನ್ನ ಜೋಪಾನ ಮಾಡ್ಲಿಕ್ಕತ್ತಾರ." ಆಮೇಲೆ ಸೇರಿಸಿದರು, "ಸ್ವಲ್ಪ ಜಾಸ್ತಿನೇ ಮಾಡ್ಲಿಕ್ಕತ್ತಾರ." ನನ್ನ ಕಣ್ಣಲ್ಲಿ ನೀರು ಬಂತು. ಕೈಗೆ ಆಯಿಲ್ ಹತ್ತಿದ್ದರಿಂದ ಒರೆಸಿಕೊಳ್ಳುವಂತೆಯೂ ಇರಲಿಲ್ಲ.

ಊಟಕ್ಕೆ ಕೂತಾಗ ಅತ್ತೆಯವರು ಮೂರನೇ ಸಲ ಅನ್ನ ತಂದರು. ನಾನು ಸಾಕೆಂದರೂ ಕೇಳಲಿಲ್ಲ, ಅಳಿಯ ಏನೂ ತಿಂದಿಲ್ಲವೆಂದು ಅವರ ಲೆಕ್ಕ. ನಾನು ಆಗಲೇ ಗೋಡೆಗೆ ಒರಗಿದ್ದೆ. ಮಾವನವರು ತಲೆ ಎತ್ತದೆ, "ಮೊದಲು ಅವರನ್ನ ನೆಟ್ಟಗ ಕೂಡಿಸಿ ನೋಡು, ಆಮೇಲೆ ಹಾಕು" ಎಂದರು.

ಸೋಮವಾರ ಎಂಟನೇ ತರಗತಿಗೆ ದ್ರವಗಳ ಪಾಠ. ನಾನು ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಅದನ್ನು ಎಡಕ್ಕೆ ವಾಲಿಸಿ, ಪಾತ್ರೆ ವಾಲಿದರೂ ನೀರಿನ ಮಟ್ಟ ವಾಲುವುದಿಲ್ಲ, ಒಂದು ಪಕ್ಕ ಏರಿದಂತೆ, ಇನ್ನೊಂದು ಪಕ್ಕ ಇಳಿದಂತೆ ಕಾಣುತ್ತದೆ, ಇದನ್ನು ನಾವು ದಿನನಿತ್ಯದ ಜೀವನದಲ್ಲಿ ನೋಡುತ್ತಲೇ ಇರುತ್ತೇವೆ ಎಂದು ಹೇಳಿದೆ. ಹದಿನೈದು ವರ್ಷದಿಂದ ಇದೇ ಮಾತು ಹೇಳುತ್ತಿದ್ದೇನೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ದಿನನಿತ್ಯದ್ದು ಒಂದು ಉದಾಹರಣೆ ಹೇಳ್ರಿ ಸರ" ಎಂದಳು. ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ಗಾಡಿ ಸೆಂಟರ್ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ನಾನು ಅದನ್ನು ಒಂದು ಸಲ ನೋಡಿ, ಹುಡುಗಿಯ ಕಡೆ ತಿರುಗಿ, "ಸಾರಿನ ಪಾತ್ರೆ" ಎಂದೆ.