ಕೇಳ್ಕರ್ ಆಜಿಯ ಕಿಟಕಿಯೂ ನನ್ನ ಟರ್ಬೊ ಗಾಡಿಯೂ

ನಲ್ಲಿಯಲ್ಲಿ ನೀರು ನಿಂತಾಗ, ಫಾಸ್ಟ್ ಲೋಕಲ್ ರೈಲು ದಿವಾ ಸ್ಟೇಷನ್ನಿನ ಹತ್ತಿರ ಸುಮ್ಮನೆ ನಿಂತು ಬಿಟ್ಟಾಗ, ಮೇಲಿನ ಮನೆಯವರು ಭಾನುವಾರ ಬೆಳಿಗ್ಗೆ ಗೋಡೆಗೆ ಡ್ರಿಲ್ ಹಿಡಿದಾಗ ಬರುವ ಸಿಟ್ಟು ಅಂಥ ಅಪಾಯದ್ದಲ್ಲ. ಯಾರನ್ನಾದರೂ ಬೈದರೆ ಇಳಿಯುತ್ತದೆ. ಆದರೆ ನಾವೇ ಕೈಯಾರೆ ಆರಿಸಿ, ಮುಹೂರ್ತ ನೋಡಿ, ತೆಂಗಿನಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಮನೆಗೆ ಕರೆತಂದ ಸಿಟ್ಟು ಒಂದಿರುತ್ತದೆ ನೋಡಿ, ಅದು ಇಳಿಯುವುದೇ ಇಲ್ಲ. ನಾನು ಸ್ವಭಾವತಃ ಶಾಂತ ಮನುಷ್ಯ. ಈ ಮಾತನ್ನು ನನ್ನ ಹೆಂಡತಿ ವಾರಿಜಾಳ ಎದುರು ಹೇಳಿದರೆ ಅವಳು ಎದ್ದು ಒಳಗೆ ಹೋಗುತ್ತಾಳೆ. ಆದ್ದರಿಂದ ನಿಮ್ಮೆದುರು ಹೇಳುತ್ತಿದ್ದೇನೆ.

ನಾನಿರುವುದು ಡೊಂಬಿವಲಿಯಲ್ಲಿ. ಹೋಟೆಲುಗಳಿಗೆ ಇಡ್ಲಿ ಬೇಯಿಸುವ ಸ್ಟೀಮರು, ಹಿಟ್ಟು ರುಬ್ಬುವ ಗ್ರೈಂಡರು ಸರಬರಾಜು ಮಾಡುವುದು ನನ್ನ ಕಸುಬು. ಆಫೀಸು ಬೇಲಾಪುರದಲ್ಲಿ. ವರ್ಷಾನುಗಟ್ಟಲೆ ಲೋಕಲ್ಲಿನ ಬಾಗಿಲಲ್ಲಿ ನೇತಾಡಿ, ಇನ್ನೊಬ್ಬರ ಬೆವರನ್ನು ನನ್ನ ಅಂಗಿಯಲ್ಲಿ ಮನೆಗೆ ತಂದವನಿಗೆ ಎರಡು ಸಾವಿರದ ಆರರ ಸುಮಾರಿಗೆ ಒಂದು ಭಾಗ್ಯ ಒದಗಿತು. ಠಾಣೆ ನಗರದ ಬಿಲ್ಡರೊಬ್ಬರು ತಮ್ಮ ಹಳೆಯ ವಿದೇಶಿ ಕಾರನ್ನು ಮಾರುತ್ತಿದ್ದರು. ಆರು ಸಿಲಿಂಡರಿನ ಪೆಟ್ರೋಲ್ ಗಾಡಿ, ಟರ್ಬೊ ಗಿರ್ಬೊ ಯಾವುದೂ ಇಲ್ಲ. ನಮ್ಮ ನಿಮ್ಮ ಹಾಗೆ ತನ್ನ ಪಾಡಿಗೆ ತಾನು ಉಸಿರೆಳೆದುಕೊಳ್ಳುವ ಎಂಜಿನ್. ಕಾಲು ಒತ್ತಿದಷ್ಟು ಓಡುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಅದರ ಸದ್ದೋ, ತಂಬೂರಿ ಶ್ರುತಿ ಹಿಡಿದಂತೆ! ಏಳು ವರ್ಷದಲ್ಲಿ ಅದು ನನಗೆ ಒಮ್ಮೆಯೂ ಎದುರುತ್ತರ ಕೊಡಲಿಲ್ಲ. ಮನೆಯಲ್ಲಿ ಹಾಗೆ ನಡೆದುಕೊಳ್ಳುತ್ತಿದ್ದದ್ದು ಅದೊಂದೇ.

ಆದರೆ ಅದು ಪೆಟ್ರೋಲನ್ನು ಮದುವೆ ಮನೆಯ ಪಾಯಸದಂತೆ ಕುಡಿಯುತ್ತಿತ್ತು. ಸಣ್ಣದೊಂದು ಭಾಗ ಕೆಟ್ಟರೂ ಹಡಗಿನಲ್ಲಿ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಈ ಹೊತ್ತಿನಲ್ಲೇ ನನ್ನ ಭಾವಮೈದ ಸುಧಾಕರ, ಅಂದರೆ ವಾರಿಜಾಳ ತಮ್ಮ, ಕಣಕ್ಕಿಳಿದ. ಅವನು ವಾಶಿಯಲ್ಲಿ ಯಾವುದೋ ಫೈನಾನ್ಸ್ ಕಂಪನಿಯಲ್ಲಿದ್ದಾನೆ. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಸಣ್ಣವ, ಮಾತಿನಲ್ಲಿ ಹತ್ತು ವರ್ಷ ದೊಡ್ಡವ. "ಭಾವ, ಆ ಮುದಿ ಆನೆಯನ್ನು ಯಾಕೆ ಸಾಕುತ್ತೀರಿ? ಈಗ ಏನಿದ್ದರೂ ಟರ್ಬೊ. ಸಣ್ಣ ಎಂಜಿನ್ನು, ದೊಡ್ಡ ಶಕ್ತಿ" ಎಂದು ಪ್ರತಿ ಭಾನುವಾರ ನಮ್ಮ ಮನೆಯ ನೀರುದೋಸೆ ತಿನ್ನುತ್ತ ಹೇಳಿದ. ಹೇಳಿ ಹೇಳಿ, ಕೊನೆಗೆ ಆ ಶ್ರುತಿ ಪೆಟ್ಟಿಗೆಯನ್ನು ಮಾರಿಸಿ, ಅಷ್ಟೇ ದೊಡ್ಡ ಹೆಸರಿನ ಡೀಸೆಲ್ ಟರ್ಬೊ ಗಾಡಿಯೊಂದನ್ನು, ಅದೂ ಸೆಕೆಂಡ್ ಹ್ಯಾಂಡೇ, ನನ್ನ ಕೊರಳಿಗೆ ಕಟ್ಟಿದ.

ಟರ್ಬೊ ಅಂದರೆ ಏನೆಂದು ತಿಳಿಯದ ಪುಣ್ಯವಂತರಿಗೆ ಹೇಳುತ್ತೇನೆ. ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಒಂದು ಪುಟ್ಟ ಫ್ಯಾನು ಅದು. ಹೊರಗಿನ ಗಾಳಿಯನ್ನು ಹಿಡಿದು ಎಂಜಿನ್ನಿನ ಬಾಯಿಗೆ ತುರುಕುತ್ತದೆ. ನಮ್ಮೂರ ಊಟದ ಪಂಕ್ತಿಯಲ್ಲಿ ಎಲೆಗೆ ಅಡ್ಡ ಕೈಯಿಟ್ಟು ಬೇಡ ಬೇಡ ಅಂದರೂ ಬೆರಳ ಸಂದಿಯಲ್ಲೇ ಹೋಳಿಗೆ ಇಳಿಸಿ ಹೋಗುವ ದೊಡ್ಡಮ್ಮಂದಿರಿಲ್ಲವೆ, ಹಾಗೆ. ಆದರೆ ಈ ದೊಡ್ಡಮ್ಮ ಅಡಿಗೆಮನೆಯಿಂದ ಹೊರಡುವುದು ತಡವಾಗಿ. ಶಿಳ್‌ಫಾಟಾದ ರಸ್ತೆಯಲ್ಲಿ ಎರಡು ಲಾರಿಗಳ ನಡುವೆ ಜಾಗ ಕಂಡಿತೆಂದು ಕಾಲು ಒತ್ತುತ್ತೇನೆ. ಗಾಡಿ ಸುಮ್ಮನಿದೆ. ನನ್ನ ಅರ್ಜಿಯನ್ನು ಬೇಲಾಪುರದ ಯಾವುದೋ ಕಚೇರಿಗೆ ಕಳಿಸಿ ಸಹಿಗೆ ಕಾಯುತ್ತಿರುವ ಹಾಗೆ ಸುಮ್ಮನಿದೆ. ಜಾಗ ಮುಚ್ಚಿಹೋಗುತ್ತದೆ. ಆಗ ಅರ್ಜಿ ಮಂಜೂರಾಗಿ ಗಾಡಿ ಹುಲಿಯಂತೆ ಹಾರುತ್ತದೆ! ಒಂದು ಸಾರಿ ಕಲ್ಯಾಣದ ಪೇಟೆಯಲ್ಲಿ ಹೀಗೆ ಹಾರಿ ಒಂದು ರಿಕ್ಷಾದ ಬೆನ್ನಿಗೆ ನಾಲ್ಕು ಬೆರಳು ಬಿಟ್ಟು ನಿಂತೆ. ರಿಕ್ಷಾದವನು ಇಳಿದು ಬಂದು, ನನ್ನ ತಲೆಯ ಬಿಳಿಗೂದಲು ನೋಡಿ, "ಅಂಕಲ್, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?" ಎಂದು ಹಿಂದಿಯಲ್ಲಿ ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಕನಿಕರಪಟ್ಟ.

ಇಷ್ಟಾದರೂ ಸಹಿಸಿಕೊಂಡಿದ್ದೆ. ನಿಜವಾದ ಉಪದ್ರ ಶುರುವಾದದ್ದು ಗಾಡಿ ಓಡುವಾಗ ಅಲ್ಲ, ನಿಂತ ಮೇಲೆ. ಗಾಡಿ ತಂದ ದಿನ ಸುಧಾಕರ ವಾರಿಜಾಳ ಎದುರೇ ಬೆರಳೆತ್ತಿ ಹೇಳಿದ್ದ: "ಭಾವ, ಒಂದು ನೆನಪಿಡಿ. ಬಂದು ನಿಲ್ಲಿಸಿದ ಕೂಡಲೇ ಎಂಜಿನ್ ಬಂದ್ ಮಾಡಬೇಡಿ. ಎರಡು ನಿಮಿಷ ಹಾಗೇ ಬಿಡಿ. ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ, ಎಣ್ಣೆ ಹರಿದು ತಣಿಯಬೇಕು. ಇಲ್ಲವಾದರೆ ಒಳಗೇ ಎಣ್ಣೆ ಸುಟ್ಟು ಟರ್ಬೊ ಹಾಳು. ಅದೂ ಯಾವಾಗ ಅಂದರೆ..." ಅಷ್ಟರಲ್ಲಿ ನಾನು, "ಗೊತ್ತಾಯಿತು ಮಾರಾಯ" ಅಂದೆ. ಹೊಸ ಟರ್ಬೊದ ಬೆಲೆಯನ್ನು ಗಾಡಿ ಮಾರಿದ ದಲ್ಲಾಳಿ ಮೊದಲೇ ಹೇಳಿ ಹೆದರಿಸಿಟ್ಟಿದ್ದ. ಹಾಗಾಗಿ ಪ್ರತಿ ಸಂಜೆ ಏಳೂವರೆಗೆ ಸೊಸೈಟಿಯ ಕಂಪೌಂಡಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಗುರುಗುಟ್ಟಲು ಬಿಟ್ಟು, ಗಡಿಯಾರ ನೋಡುತ್ತ ಕೂರತೊಡಗಿದೆ. ಅವನು ಎರಡು ನಿಮಿಷ ಅಂದದ್ದನ್ನು ನಾನು ಭದ್ರತೆಗೆಂದು ನಾಲ್ಕು ನಿಮಿಷ ಮಾಡಿದೆ.

ನನ್ನ ಪಾರ್ಕಿಂಗ್ ಜಾಗದ ಹಿಂದೆಯೇ ತಳಮಹಡಿಯ ಕೇಳ್ಕರ್ ಆಜಿಯ ಕಿಟಕಿ. ಆಜಿ ಅಂದರೆ ಮರಾಠಿಯಲ್ಲಿ ಅಜ್ಜಿ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ, ಉಬ್ಬಸದ ಕಾಯಿಲೆ. ಮೊದಲ ವಾರ ಕೆಮ್ಮು ಕೇಳಿಸಿತು. ಎರಡನೆಯ ವಾರ ಕಿಟಕಿ ದಢಾರನೆ ಮುಚ್ಚಿಕೊಂಡಿತು. ಮೂರನೆಯ ವಾರ ಸೊಸೈಟಿಯ ಸೆಕ್ರೆಟರಿ ಪಾಧ್ಯೆಯವರ ಅಕ್ಷರದಲ್ಲಿ ನೋಟಿಸ್ ಬೋರ್ಡಿನ ಮೇಲೆ ಒಂದು ಚೀಟಿ: "ಕೆಲವು ಸದಸ್ಯರು ಕಂಪೌಂಡಿನಲ್ಲಿ ಗಾಡಿಯ ಎಂಜಿನ್ ವಿನಾಕಾರಣ ಚಾಲೂ ಇಡುತ್ತಿದ್ದಾರೆ." ವಿನಾಕಾರಣ! ಕೆಲವು ಸದಸ್ಯರು! ಇಡೀ ಬಿಲ್ಡಿಂಗಿನಲ್ಲಿ ಟರ್ಬೊ ಇದ್ದವನು ನಾನೊಬ್ಬನೇ. ನನ್ನ ರಕ್ತ ಕುದಿಯಿತು. ಭಾನುವಾರದ ಮೀಟಿಂಗಿಗೆ ನಾನು ಸಿದ್ಧನಾಗಿಯೇ ಹೋದೆ.

ಮೀಟಿಂಗು ಟೆರೇಸಿನ ಮೇಲೆ. ಮನೆಯಿಂದ ಒಂದು ಸ್ಟೀಲ್ ಡಬ್ಬಿಯನ್ನೂ ಅದರ ಮುಚ್ಚಳವನ್ನೂ ಒಯ್ದಿದ್ದೆ, ಟರ್ಬೊ ಹೇಗೆ ತಿರುಗುತ್ತದೆಂದು ತೋರಿಸಲು. ಇಪ್ಪತ್ತು ನಿಮಿಷ ಮಾತಾಡಿದೆ. ಎಂಜಿನ್ನಿಗೆ ಉಸಿರು ಎಷ್ಟು ಮುಖ್ಯ, ಸಹಜವಾಗಿ ಉಸಿರಾಡುವುದೆಂದರೇನು, ಒತ್ತಾಯದಿಂದ ಉಸಿರು ತುಂಬಿದರೆ ಒಳಗೆ ಎಷ್ಟು ಸುಡುತ್ತದೆ, ಎಲ್ಲ ವಿವರಿಸಿದೆ. ಕಾಲೇಜಿಗೆ ಹೋಗುವ ನನ್ನ ಮಗಳು ಶ್ರುತಿ ಹಿಂದಿನಿಂದ ಅಂಗಿ ಎಳೆದು, "ಪಪ್ಪಾ, ಪ್ಲೀಸ್, ಬೈಠ್ ಜಾಓ" ಅಂದಳು. ಕೂರಲಿಲ್ಲ. ಪಾಧ್ಯೆ ಸಾಹೇಬರು, "ಶೆಟ್ಟಿ, ನಿಮ್ಮ ಗಾಡಿಗಿಂತ ಮನುಷ್ಯರು ದೊಡ್ಡವರು" ಎಂದದ್ದೇ ತಡ, ನನ್ನ ದನಿ ಏರಿತು. "ನಾಲ್ಕು ನಿಮಿಷ ಕಿಟಕಿ ಮುಚ್ಚಿಕೊಂಡರೆ ಯಾರ ಗಂಟು ಹೋಗುತ್ತದೆ?" ಎಂದು ಕೂಗಿದೆ.

ಆಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಮೂರು ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಮರಾಠಿಯಲ್ಲಿ, ಮಗ್ಗಿ ಕೇಳುವ ಟೀಚರಿನಷ್ಟೇ ಶಾಂತವಾಗಿ ಕೇಳಿದರು: "ಕಿಟಕಿ ಮುಚ್ಚಿದರೆ ನಾನು ಉಸಿರು ಎಲ್ಲಿಂದ ತೆಗೆದುಕೊಳ್ಳಲಿ?"

ಇಪ್ಪತ್ತು ನಿಮಿಷ ಉಸಿರಿನ ಮೇಲೆ ಭಾಷಣ ಬಿಗಿದ ನಾನು ಡಬ್ಬಿಗೆ ಮುಚ್ಚಳ ಹಾಕಿದೆ. ಆಗ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ನನ್ನ ಜಾತಕವೇ ಹಾಗೆ, ನಾಚಿಕೆಯಾದರೂ ಅದು ಹೊರಗೆ ಬರುವಾಗ ಸಿಟ್ಟಾಗಿಯೇ ಬರುತ್ತದೆ. ಡಬ್ಬಿಯನ್ನು ಅಲ್ಲೇ ಬಿಟ್ಟು ದಡದಡನೆ ಇಳಿದು ಬಂದೆ.

ಮರುದಿನ ಸಂಜೆ ಹಟದಿಂದಲೇ ಗಾಡಿ ನಿಲ್ಲಿಸಿ ಎಂಜಿನ್ ಬಿಟ್ಟು ಕೂತೆ. ಕನ್ನಡಿಯಲ್ಲಿ ನೋಡುತ್ತೇನೆ, ಆಜಿಯ ಕಿಟಕಿ ತೆರೆದೇ ಇದೆ. ಅದರೊಳಗೆ ಎರಡು ಮುಖ. ಒಂದು ಆಜಿಯದು. ಇನ್ನೊಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನೇ ದಿಟ್ಟಿಸುತ್ತಿರುವ ವಾರಿಜಾ! ಮೂವತ್ತು ಸೆಕೆಂಡು ಕಣ್ಣು ತಪ್ಪಿಸಿದೆ. ಮತ್ತೆ ನೋಡಿದೆ. ಇದ್ದಾಳೆ. ಆ ನಾಲ್ಕು ನಿಮಿಷ ನಮ್ಮ ಇಪ್ಪತ್ತೆರಡು ವರ್ಷದ ದಾಂಪತ್ಯಕ್ಕಿಂತ ಉದ್ದವಿತ್ತು. ಮನೆಗೆ ಬಂದ ಮೇಲೆ ಕೇಳಿದೆ, "ನೀನು ಅಲ್ಲಿ ಯಾಕೆ ಹೋದದ್ದು?" "ಅವರಿಗೆ ಒಬ್ಬರೇ ಹೊಗೆ ಕುಡಿಯಲು ಬೇಸರವಲ್ಲವೇ, ಜೊತೆಗಿರಲಿ ಅಂತ" ಅಂದಳು. ಅಷ್ಟೇ. ಆ ಮೇಲೆ ನಾಲ್ಕು ದಿನ ನಮ್ಮ ಮನೆಯಲ್ಲಿ ಮಾತಾಡಿದ್ದು ಕುಕ್ಕರು ಮಾತ್ರ.

ಸೋತೆನೆಂದು ಒಪ್ಪಿಕೊಳ್ಳಲು ಮನಸ್ಸಿಲ್ಲದೆ ಗಾಡಿಯನ್ನು ಹೊರಗಿನ ರಸ್ತೆಯಲ್ಲಿ ತಣಿಸಲು ಹೋದೆ. ಅಲ್ಲಿ ತರಕಾರಿ ಮಾರುವ ಹೆಂಗಸು, ನನ್ನ ಹೊಗೆಗೆ ಅವಳ ಮೆಂತ್ಯ ಬಾಡಿತೆಂದು ನನ್ನ ಮೂರು ತಲೆಮಾರಿಗೆ ಮರಾಠಿಯಲ್ಲಿ ಮಂಗಳಾರತಿ ಎತ್ತಿದಳು. ಸಾಕಾಗಿ ಶನಿವಾರ ಕಲ್ಯಾಣಕ್ಕೆ, ರಶೀದ್ ಭಾಯಿಯ ಗ್ಯಾರೇಜಿಗೆ ಹೋದೆ. ಹಳೆಯ ಗಾಡಿಯನ್ನು ಏಳು ವರ್ಷ ನೋಡಿಕೊಂಡ ಮೇಸ್ತ್ರಿ ಅವನು. ಬಂದ್ ಮಾಡಿದ ಕೂಡಲೇ ಟರ್ಬೊ ತಾನಾಗಿಯೇ ತಣಿಯುವ ಏನಾದರೂ ಯಂತ್ರ ಹಾಕಿಕೊಡು ಎಂದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತ, "ಶೇಠ್, ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ?" ಎಂದ.

"ಬೇಲಾಪುರದಿಂದ. ಮಹಾಪೆ, ಶಿಳ್‌ಫಾಟಾ, ಅಲ್ಲಿಂದ ಮನೆಗೆ."

"ಎಷ್ಟು ಹೊತ್ತು?"

"ಎರಡು ಗಂಟೆ. ಕೊನೆಯ ಒಂದು ಗಂಟೆ ಎತ್ತಿನ ಗಾಡಿಯ ಥರ."

ರಶೀದ್ ಭಾಯಿ ಸ್ಟೂಲಿನ ಮೇಲೆ ಕೂತು ನಗತೊಡಗಿದ. "ಶೇಠ್, ಟರ್ಬೊ ಕಾಯುವುದು ಘಾಟಿ ಹತ್ತಿದಾಗ, ಎಕ್ಸ್‌ಪ್ರೆಸ್ ವೇಯಲ್ಲಿ ಜೋರಾಗಿ ಓಡಿಸಿದಾಗ. ನಿಮ್ಮದು ಶಿಳ್‌ಫಾಟಾದ ಜಾಮಿನಲ್ಲೇ ತಣ್ಣಗಾಗಿರುತ್ತದೆ. ಮನೆಗೆ ಬಂದು ಆರಾಮಾಗಿ ಬಂದ್ ಮಾಡಿ. ನೀವು ಆರಿದ ಚಹಾವನ್ನು ಊದುತ್ತ ಕೂತಿದ್ದೀರಿ."

ಅಲ್ಲಿಂದಲೇ ಸುಧಾಕರನಿಗೆ ಫೋನು ಮಾಡಿ, ಅವನ ಟರ್ಬೊ, ಅವನ ಫೈನಾನ್ಸ್ ಕಂಪನಿ, ಅವನು ತಿಂದ ನೀರುದೋಸೆ ಎಲ್ಲವನ್ನೂ ಸೇರಿಸಿ ಬೈದೆ. ಅವನು ತಾಳ್ಮೆಯಿಂದ ಕೇಳಿ, "ಭಾವ, ಜೋರಾಗಿ ಓಡಿಸಿ ಬಂದರೆ ಮಾತ್ರ ಅಂತ ಅವತ್ತೇ ಹೇಳಲು ಹೊರಟಿದ್ದೆ. ನೀವು ಬಿಟ್ಟರೆ ತಾನೆ?" ಎಂದ. ಮನೆಗೆ ಬಂದು ವಾರಿಜಾಳನ್ನು ಸಾಕ್ಷಿ ಕೇಳಿದೆ. "ಹೌದು, ಹೊರಟಿದ್ದ" ಅಂದಳು. ನಾಲ್ಕು ದಿನದ ಮೌನ ಮುರಿದು ಅವಳಾಡಿದ ಮೊದಲ ಮಾತು ಅದು.

ಮರುದಿನ ಬೆಳಿಗ್ಗೆ ಅವಳು ಕೈಗೆ ಕೊಟ್ಟ ಬಾಳೆಹಣ್ಣಿನ ಹಲ್ವದ ಡಬ್ಬಿ ಹಿಡಿದು ಆಜಿಯ ಬಾಗಿಲು ತಟ್ಟಿ, ಚಿಲಕ ಹಾಕಿರದ ಕಾರಣ ಒಳಗೆ ಹೋದೆ. ಆಜಿ ಮೂಗಿಗೆ ಮಾಸ್ಕು ಹಾಕಿಕೊಂಡು ಔಷಧದ ಹಬೆ ಎಳೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಪುಟ್ಟ ಯಂತ್ರವೊಂದು ಗುಂಯ್‌ಗುಡುತ್ತಿತ್ತು. ಕೂರು ಎಂದು ಕೈ ತೋರಿಸಿದರು. ಯಂತ್ರ ನಿಲ್ಲುವ ತನಕ ಅವರ ಎದೆ ಏರಿ ಇಳಿಯುವುದನ್ನು ನೋಡುತ್ತ ಕೂತೆ. ಅಷ್ಟು ಹೊತ್ತು ನಾನು ಯಾರ ಮೇಲೂ ಸಿಟ್ಟಾಗದೆ ಕೂತದ್ದು ಆ ವರ್ಷದಲ್ಲಿ ಅದೇ ಮೊದಲಿರಬೇಕು. ಮಾಸ್ಕು ತೆಗೆದ ಮೇಲೆ, "ಆಜಿ, ತಪ್ಪಾಯಿತು. ಇನ್ನು ಬಂದ ಕೂಡಲೇ ಬಂದ್ ಮಾಡುತ್ತೇನೆ" ಎಂದೆ. ಟರ್ಬೊದ ವಿಷಯ ಎತ್ತಲಿಲ್ಲ.

ಆಜಿ ಹಲ್ವದ ಒಂದು ತುಂಡು ಬಾಯಿಗಿಟ್ಟುಕೊಂಡು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಒಳ್ಳೆಯದು. ಈಗ ನನ್ನದೊಂದು ಕೆಲಸ ಮಾಡು. ಆ ಪಾಧ್ಯೆ ದಿನಾ ಬೆಳಿಗ್ಗೆ ತನ್ನ ಹಳೇ ಸ್ಕೂಟರನ್ನು ಇದೇ ಕಿಟಕಿಯ ಕೆಳಗೆ ಹತ್ತು ನಿಮಿಷ ಚಾಲೂ ಇಡುತ್ತಾನೆ. ನಿನ್ನದಕ್ಕಿಂತ ಅದರ ಹೊಗೆ ಕೆಟ್ಟದ್ದು. ಸೆಕ್ರೆಟರಿ, ನನ್ನ ಕಾಗದಪತ್ರಕ್ಕೆ ಸಹಿ ಹಾಕುವವನು, ನಾನು ಹೇಳುವ ಹಾಗಿಲ್ಲ. ನೀನು ಚೆನ್ನಾಗಿ ಕೂಗುತ್ತೀ."

ಹೊಗಳಿಕೆಯೋ ಶಿಕ್ಷೆಯೋ ತಿಳಿಯಲಿಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೇ, ಲುಂಗಿಯಲ್ಲೇ ಇಳಿದೆ. ಸ್ಕೂಟರು ನೀಲಿ ಹೊಗೆ ಬಿಡುತ್ತ ನಡುಗುತ್ತಿತ್ತು. ಪಾಧ್ಯೆ ಸಾಹೇಬರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಬಂದ್ ಮಾಡಿ ಎಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಶೆಟ್ಟಿ, ನಿಮಗಾದರೂ ಅರ್ಥವಾಗುತ್ತದೆ. ಹಳೆಯ ಎಂಜಿನ್. ಎಣ್ಣೆ ಬಿಸಿಯಾಗಿ ಎಲ್ಲ ಕಡೆ ಹರಿಯದೆ ಹೊರಟರೆ ಒಳಗೆ..." ಎಂದು ಶುರುಮಾಡಿದರು. ನ್ಯಾಯವಾದ ಮಾತು. ಎಂಜಿನ್ನಿನ ಕಷ್ಟ ಈ ಡೊಂಬಿವಲಿಯಲ್ಲಿ ಇನ್ನೊಬ್ಬರಿಗೆ ತಿಳಿದಿದೆ ಎಂದು ಒಂದು ಕ್ಷಣ ನನ್ನ ಕಣ್ಣು ತೇವವಾದದ್ದೂ ನಿಜ. ಇಬ್ಬರೂ ಒಂದು ಚಹಾ ಕುಡಿದು ಮಾತಾಡಬಹುದಿತ್ತು. ಆದರೆ ಹಿಂದೆ ಕಿಟಕಿಯ ಚಿಲಕ ತೆಗೆದ ಸದ್ದಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅಲ್ಲಿರುವುದು ಒಂದು ಮುಖವೋ ಎರಡೋ ಯಾರಿಗೆ ಗೊತ್ತು?

"ಎಣ್ಣೆಯ ಕಥೆ ನನಗೆ ಹೇಳಬೇಡಿ!" ಎಂದು ಇಡೀ ಬಿಲ್ಡಿಂಗಿಗೆ ಕೇಳಿಸುವ ಹಾಗೆ ಅರಚಿದೆ. "ಗಾಡಿಗಿಂತ ಮನುಷ್ಯರು ದೊಡ್ಡವರು!"