ಹಳದಿ ಮಣ್ಣುಮುಕ್ಕ

ಖುಷಿಯಾಗಿರುವವರ ಮುಂದೆ ನಿಜ ಹೇಳುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಮುಂದಿನ ಕ್ಲಾಸುಗಳಲ್ಲಿ ಅದನ್ನು ಕಲಿಸುತ್ತಿದ್ದರೋ ಏನೋ. ಪಕ್ಕದ ಮನೆಯಾಕೆ ಉಪ್ಪಿಲ್ಲದ ಹುಳಿ ಕೊಟ್ಟು "ಹೆಂಗಿದೆ?" ಅಂದರೆ, ಇನ್ನೊಂದು ಸೌಟು ಹಾಕಿಸಿಕೊಂಡು ತಿನ್ನುತ್ತೇನೆ. ಈ ಗುಣದಿಂದ ನನಗೆ ಕೆಟ್ಟದ್ದು ಹೊಟ್ಟೆ ಮಾತ್ರ. ನಮ್ಮಣ್ಣ ಶಿವಣ್ಣನಿಗೆ ಹೋದದ್ದು ಮಾನ.

ತೊಂಬತ್ತರ ದಶಕದ ಕೊನೆಯ ಮಾತು. ತುಮಕೂರಿನ ಮರಳೂರಿನಲ್ಲಿ ನಮ್ಮ ಮನೆ. ಹಿತ್ತಿಲಿನ ಒಡಕು ಸಿಮೆಂಟು ತೊಟ್ಟಿಗೆ ಮರಳು ತುಂಬಿ, ಅಣ್ಣ ಮಣ್ಣುಮುಕ್ಕ ಹಾವಿನ ಜೋಡಿ ಸಾಕಿದ್ದ. ಮೊಂಡು ಬಾಲದ, ವಿಷವಿಲ್ಲದ, ಸೋಮಾರಿ ಹಾವುಗಳು. ಸಾಕುವುದು ಕಾನೂನಿಗೆ ವಿರುದ್ಧವೆಂದು ಆಗ ನಮಗೆ ಗೊತ್ತಿರಲಿಲ್ಲ. ಅಮ್ಮನಿಗೆ ವಿರುದ್ಧವೆಂದು ಮಾತ್ರ ಗೊತ್ತಿತ್ತು. ವಿದೇಶದಲ್ಲಿ ಇವುಗಳಿಂದ ಬಣ್ಣಬಣ್ಣದ ಮರಿ ಹಾಕಿಸುತ್ತಾರೆಂದು ಯಾರೋ ಹೇಳಿದ್ದೇ ತಡ, ಅಣ್ಣ ಕುಣಿಗಲ್ ಕಡೆಯ ಗಂಡಿಗೆ ಬೆಳ್ಳಾವಿಯ ಹೊಲದ ಹೆಣ್ಣನ್ನು ಜೊತೆ ಮಾಡಿದ. ಅದೇ ಹುಚ್ಚಿನ ಅವನ ಗೆಳೆಯ, ಗುಬ್ಬಿಯ ರಂಗಸ್ವಾಮಿ, "ನಿನ್ ಹಾವು ಮಣ್ಣಿನ ಬಣ್ಣ ಬಿಟ್ಟು ಬೇರೆ ಬಣ್ಣದ ಮರಿ ಹಾಕಿದ್ರೆ ನನ್ ಮೀಸೆ ಬೋಳಿಸ್ತೀನಿ ಕಣ್ಲಾ" ಅಂದಿದ್ದ.

ಮರಿ ಹಾಕಿದ ದಿನ ಅಣ್ಣ ಮನೆಯಲ್ಲಿರಲಿಲ್ಲ. ನಾನು ನೋಡುವಷ್ಟರಲ್ಲಿ ಇರುವೆ ಮುತ್ತುತ್ತಿದ್ದವು. ಇರುವೆಗೆ ನಮ್ಮನೆಯಲ್ಲಿ ಒಂದೇ ಮದ್ದು, ಅರಿಸಿನ. ತೊಟ್ಟಿಯ ಸುತ್ತ ಗೆರೆ ಎಳೆದೆ. ಸಾಲದೆಂದು ಮರಳಿನ ಮೇಲೂ ಉದುರಿಸಿದೆ. ಮರಿಗಳ ಮೈ ಇನ್ನೂ ಒದ್ದೆಯಾಗಿತ್ತು. ಸಂಜೆ ಅಣ್ಣ ಒಂದನ್ನು ಎತ್ತಿಕೊಂಡು, ಅರಿಸಿನದ ಗೆರೆಯ ಮೇಲೇ ನಿಂತು ಕಿರುಚಿದ: "ಜಯಾ, ಹಳದಿ ಕಣೇ! ಹೌದೋ ಅಲ್ವೋ ಹೇಳು!" ಅಮ್ಮನನ್ನು ಹಿಡಿದು ಕುಣಿಸಿದ. ಹಾವೆಂದರೆ ಉರಿದುಬೀಳುವ ಅಮ್ಮನೂ ಕುಣಿದಳು. "ಹೌದಣ್ಣಾ" ಅಂದೆ.

ಮಾರನೆಯ ದಿನ ಮರಿಯನ್ನು ಟಿಫಿನ್ ಡಬ್ಬಿಗೆ ಹಾಕಿಕೊಂಡು ಗುಬ್ಬಿ ಬಸ್ಸಿಗೆ ಹೊರಟ. ನಿಜ ಹೇಳಬೇಕೆಂದೇ ಬಾಗಿಲವರೆಗೂ ಹೋದೆ. "ಹುಷಾರಾಗಿ ಹೋಗ್ಬಾ" ಅಂದು ಒಳಗೆ ಬಂದೆ.

ರಂಗಸ್ವಾಮಿ ಮೊದಲು ಮೀಸೆ ಮುಟ್ಟಿಕೊಂಡನಂತೆ. ಆಮೇಲೆ ಮರಿಯನ್ನು ಕೈಗೆ ತೆಗೆದುಕೊಂಡು, ಬೆರಳು ನೋಡಿಕೊಂಡು, "ಏನ್ಲಾ ಶಿವ, ಅರಿಸಿನ ಶಾಸ್ತ್ರ ಮುಗಿಸ್ಕೊಂಡು ಬಂದಿದೀಯ, ಧಾರೆ ಯಾವಾಗ?" ಅಂದನಂತೆ.

"ಅವನೇ ಬಳಿದವ್ನೆ! ಹೊಟ್ಟೆಕಿಚ್ಚು! ಇನ್ಮೇಲೆ ಅವನ ಮುಖ ನೋಡಲ್ಲ" ಎಂದು ಅಣ್ಣ ಮನೆಗೆ ಬಂದು ಹಾರಾಡಿದ. ಬಾಲ್ಯದ ಗೆಳೆತನವೇ ಮುರಿಯುತ್ತದೆ ಅನ್ನಿಸಿದಾಗ ನನ್ನ ಬಾಯಿ ಹೇಗೋ ಬಿಚ್ಚಿಕೊಂಡಿತು. ಎಲ್ಲ ಕೇಳಿ ಅಣ್ಣ ನೆಲಕ್ಕೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಬುಡು ಅತ್ಲಾಗೆ. ಇರುವೆ ತಿಂದಿದ್ರೆ ಮರೀನೇ ಇರ್ತಿರ್ಲಿಲ್ಲ."

ಮುಂದಿನ ಸಲದ ಮರಿಗಳನ್ನೂ ಮೊದಲು ಕಂಡವಳು ನಾನೇ. ಅವುಗಳಲ್ಲೊಂದು ನಿಜವಾಗಿಯೂ ಹಾಲಿನಂತೆ ಬೆಳ್ಳಗಿತ್ತು. "ಅಣ್ಣಾ, ಬಿಳಿ ಮರಿ!" ಎಂದು ಕೂಗುತ್ತ ಓಡಿದೆ. ಗೆಳೆಯರಿಬ್ಬರೂ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ತೊಟ್ಟಿಯ ಕಡೆಗೆ ಒಬ್ಬರೂ ಹೆಜ್ಜೆ ಇಡಲಿಲ್ಲ. ಅಣ್ಣ ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿದ. ರಂಗಸ್ವಾಮಿ ಎದ್ದು ಅಡುಗೆಮನೆಗೆ ಹೋಗಿ, ಅಕ್ಕಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ.